ಅಟ್ಟದ ಮ್ಯಾಲಿನ ಸಿಆರ್‌ಓ: ಒಂದು ಹಸರ ಗೆರಿಯ ಚರಿತ್ರಿ

ಅಕ್ಕಾರ, ತಂಗ್ಯಾರ, ವೈನಿಯಾರ, ಹೋದ ಸಲ ಅಗಸಿ ಚಟ್ನಿ ಕುಟ್ಟೂದು ಬರದಿದ್ದೆ. ಈ ಸಲ ಒಲಿ ಮ್ಯಾಲಿನ ಸುದ್ದಿ ಅಲ್ಲ, ಅಟ್ಟದ ಮ್ಯಾಲಿನ ಸುದ್ದಿ. ದೀಪಾವಳಿಗೆ ಸುಣ್ಣಾ ಹಚ್ಚಬೇಕಂತ ಅಟ್ಟ ಖಾಲಿ ಮಾಡಿದ್ವಿ. ತೂತ ಬಿದ್ದ ಹಂಡೆ, ಮಕ್ಕಳ ಹಳೇ ಪಾಟಿ ಚೀಲ, ಎರಡು ರೇಡಿಯೊದ ಖಾಲಿ ಡಬ್ಬಿ, ಅದರ ಹಿಂದ ಹಳೇ ಕವದಿ ಸುತ್ತಿ ಇಟ್ಟಿದ್ದ ಒಂದು ಭಾರೀ ಪೆಟ್ಟಿಗಿ. ಗುಜರಿಯವ ತಕ್ಕಡಿ ಹಿಡಕೊಂಡು ಬಾಗಲದಾಗ ನಿಂತಿದ್ದ. ಪೆಟ್ಟಿಗಿ ಎತ್ತಿ ನೋಡಿ, "ಒಳಗ ತಾಮ್ರ ಐತ್ರಿ ಅಕ್ಕಾರ, ಮುನ್ನೂರ ಐವತ್ತ ಕೊಡ್ತೀನಿ" ಅಂದ. ನಮ್ಮ ಮನಿಯವರು ಹೂಂ ಅಂದೇ ಬಿಟ್ಟಿದ್ರು. ಕಟ್ಟಿ ಮ್ಯಾಲ ಕುಂತಿದ್ದ ಅತ್ತಿಯವರು, "ತಡೀರಿ. ಅದು ಅವರ ಸಿಆರ್‌ಓ" ಅಂದ್ರು. ಮಾಂವನೋರು ತೀರಿಕೊಂಡು ಆರು ವರ್ಷ ಆತು. ಆರು ವರ್ಷದಾಗ ಅತ್ತಿಯವರು ಯಾವ ಸಾಮಾನಿಗೂ ತಡೀರಿ ಅಂದವರಲ್ಲ. ಗುಜರಿಯವನಿಗೆ ಹಂಡೆ ಕೊಟ್ಟು ಕಳಿಸಿದೆ, ಪೆಟ್ಟಿಗಿ ಒಳಗ ತಂದೆ.

ಸಿಆರ್‌ಓ ಅಂದ್ರ ಕ್ಯಾಥೋಡ್ ರೇ ಆಸಿಲೋಸ್ಕೋಪ್. ಕರೆಂಟನ್ನ ಕಣ್ಣಿಗೆ ಕಾಣೂ ಹಂಗ ಮಾಡೂ ಯಂತ್ರ. ಮುಂದ ಒಂದು ಸಣ್ಣ ಗಾಜಿನ ಪರದೆ, ಅದರ ಮ್ಯಾಲ ಅಡ್ಡ ಹತ್ತು ಮನಿ, ಉದ್ದ ಎಂಟು ಮನಿ ಗೆರಿ ಕೊರದಿರ್ತಾರ. ನಮಗ ಇದು ಹೊಸಾದಲ್ಲ. ಕಸೂತಿ ಹಾಕೂವಾಗ ಎಳಿ ಎಣಿಸಿ ಗೋಪುರ, ತೇರು ತೆಗೀತೀವಲ್ಲ, ಹಂಗ ಇಲ್ಲಿ ಮನಿ ಎಣಿಸಿ ಕರೆಂಟಿನ ಅಳತಿ ತೆಗೀಬೇಕು. ಅಡ್ಡ ಎಣಿಸಿದ್ರ ಹೊತ್ತು, ಉದ್ದ ಎಣಿಸಿದ್ರ ವೋಲ್ಟ. ಒಂದು ಮನಿ ಅಂದ್ರ ಎಷ್ಟು ಹೊತ್ತು, ಎಷ್ಟು ವೋಲ್ಟ ಅನ್ನೂದನ್ನ ಬಾಜೂಕಿನ ತಿರುಗಣಿಗಳಿಂದ ನಾವ ಹೇಳಬೇಕು. ಸೆಕೆಂದಿನ ಹತ್ತು ಲಕ್ಷದಾಗ ಒಂದು ಪಾಲೂ ಅದರಾಗ ಒಂದು ಮನಿ ತುಂಬ ಕಾಣಸ್ತೈತಿ.

ಇದರ ಚರಿತ್ರಿ ಬಾಳ ದೂರದಿಂದ ಶುರು ಆಗತೈತಿ. 1897ರಾಗ ಕಾರ್ಲ್ ಫರ್ಡಿನಂಡ್ ಬ್ರೌನ್ ಅನ್ನೂ ಪ್ರೊಫೆಸರು ಸ್ಟ್ರಾಸ್‌ಬರ್ಗ್ ಊರಾಗ ಒಂದು ಗಾಜಿನ ಕೊಳವಿ ಮಾಡಿಸಿದರು. ಆ ಊರು ಆವಾಗ ಜರ್ಮನಿಯೊಳಗಿತ್ತು, ಈಗ ಫ್ರಾನ್ಸಿನೊಳಗೈತಿ. ಕೊಳವಿಯೊಳಗಿನ ಗಾಳಿ ತಗದು, ಒಂದು ಕಡೆಯಿಂದ ಎಲೆಕ್ಟ್ರಾನಿನ ಎಳಿ ಬಿಟ್ಟು, ಇನ್ನೊಂದು ಕಡೆ ಹೊಳಿಯೂ ಪುಡಿ ಬಳದ ಪರದೆ ಮ್ಯಾಲ ಅದು ಬೀಳೂ ಹಂಗ ಮಾಡಿದ್ರು. ಎಳಿ ಬಿದ್ದಲ್ಲಿ ಒಂದು ಚುಕ್ಕಿ ಹೊಳೀತಿತ್ತು. ಹೊರಗಿನಿಂದ ಕರೆಂಟು ಎಳದ್ರ ಚುಕ್ಕಿ ಮ್ಯಾಲ ಕೆಳಗ ಕುಣೀತಿತ್ತು. ಚುಕ್ಕಿ ಕುಣದ್ರ ಬರೇ ಒಂದು ನೆಟ್ಟನ ಗೆರಿ ಕಾಣತೈತಿ, ಅಲಿ ಕಾಣಂಗಿಲ್ಲ. 1899ರಾಗ ಅವರ ಸಹಾಯಕ ಯೊನಾಥನ್ ಝೆನೆಕ್ ಚುಕ್ಕಿಯನ್ನ ಎಡದಿಂದ ಬಲಕ್ಕ ಒಂದ ವೇಗದಾಗ ಎಳೆಯೂ ಏರ್ಪಾಡು ಮಾಡಿದರು. ಚುಕ್ಕಿ ಬಲಕ್ಕ ಹೋಗ್ಕೋತ ಮ್ಯಾಲ ಕೆಳಗ ಕುಣದ್ರ ಅಲಿ ತಾನ ಬರಕೋತ ಹೋಗತೈತಿ. ಬಲದ ಅಂಚು ಮುಟ್ಟಿದ ಕೂಡಲೆ ಹೊಳ್ಳಿ ಎಡಕ್ಕ ಜಿಗೀತೈತಿ. ಕವದಿ ಹೊಲಿಯೂವಾಗ ಒಂದು ಸಾಲು ಮುಗಿಸಿ ಹೊಳ್ಳಿ ಈ ಕಡೆಯಿಂದ ಶುರು ಮಾಡಿದಂಗ.

ಬ್ರೌನ್ ಅವರಿಗೆ 1909ರಾಗ ನೊಬೆಲ್ ಬಂತು. ಅದು ಈ ಕೊಳವಿಗೆ ಅಲ್ಲ, ತಂತಿ ಇಲ್ಲದ ಟೆಲಿಗ್ರಾಫಿನ ಕೆಲಸಕ್ಕ, ಮಾರ್ಕೋನಿ ಜೋಡಿ ಹಂಚಿಕೊಂಡು. ಮೊದಲನೇ ಮಹಾಯುದ್ಧದ ಹೊತ್ತಿನಾಗ ಅಮೆರಿಕಾಕ್ಕ ಹೋದವರು ಹೊಳ್ಳಿ ಊರಿಗೆ ಬರಲಿಲ್ಲ, 1918ರಾಗ ಅಲ್ಲೇ ತೀರಿಕೊಂಡರು. ಮುಂದ ನಮ್ಮ ಮನ್ಯಾಗೆಲ್ಲ ಟಿವಿ ಅಂತ ಬಂದು ಕುಂತದ್ದು ಅವರ ಕೊಳವಿಯ ಮರಿಮೊಮ್ಮಗಳ ಹಂಗ. ಟಿವಿಯೊಳಗ ಎಲೆಕ್ಟ್ರಾನಿನ ಎಳಿಯನ್ನ ಕೊಳವಿಯ ಕುತ್ತಿಗಿಗೆ ಸುತ್ತಿದ ತಂತಿ ಸುರಳಿ ಎಳೀತೈತಿ, ಸಿಆರ್‌ಓದಾಗ ಕೊಳವಿಯೊಳಗ ಇಟ್ಟ ಎರಡು ಜೋಡಿ ತಗಡು ಎಳೀತಾವ. ಅಷ್ಟ ಫರಕು.

ಮುಂದಿನ ದೊಡ್ಡ ಹೆಜ್ಜಿ ಇಟ್ಟವರು ರೇಡಿಯೊ ರಿಪೇರಿ ಅಂಗಡಿಯವರು. ಇದು ಓದಿದಾಗ ನನಗ ಬಾಳ ಖುಷಿ ಆತು. ಅಮೆರಿಕಾದ ಪೋರ್ಟ್‌ಲ್ಯಾಂಡ್ ಊರಾಗ ಜಾಕ್ ಮರ್ಡಾಕ್ ಅನ್ನೂವ್ರದು ರೇಡಿಯೊ ಅಂಗಡಿ. ಅಲ್ಲಿ ರಿಪೇರಿ ಮಾಡಾಕ ಇದ್ದವರು ಹೊವಾರ್ಡ್ ವೊಲಮ್. ಎರಡನೇ ಮಹಾಯುದ್ಧದಾಗ ವೊಲಮ್ ರೇಡಾರ್ ಕೆಲಸಕ್ಕ ಹೋಗಿ ಬಂದರು. 1946ರಾಗ ಇಬ್ಬರೂ ಕೂಡಿ ಟೆಕ್ಟ್ರಾನಿಕ್ಸ್ ಅನ್ನೂ ಕಂಪನಿ ತಗದ್ರು, 1947ರಾಗ 511 ಅನ್ನೂ ಸಿಆರ್‌ಓ ಹೊರಗ ಬಂತು. ಅದರಾಗ ಟ್ರಿಗರ್ ಅನ್ನೂದೊಂದು ಇತ್ತು. ಹಗ್ಗದಾಟ ನೆನಪ ಮಾಡಿಕೊಳ್ರಿ. ಇಬ್ಬರು ಹಗ್ಗ ತಿರಗಸ್ತಿದ್ರ ಜಿಗಿಯೂ ಹುಡುಗಿ ಹಗ್ಗ ಒಂದ ಜಾಗಾಕ್ಕ ಬರೂ ತನಕ ಕಾದು ಒಳಗ ಹೋಗ್ತಾಳ. ಟ್ರಿಗರ್ ಮಾಡೂದು ಅದನ್ನ. ಅಲಿ ಪ್ರತಿ ಸಲ ಒಂದ ಜಾಗಾಕ್ಕ ಬಂದಾಗ ಗೆರಿ ಶುರು ಮಾಡತೈತಿ. ಅದಕ್ಕ ಚಿತ್ರ ಓಡಲಾರದ ನಿಂತಂಗ ಕಾಣತೈತಿ.

ಆ ಕಂಪನಿಯ ಹಳೇ ಯಂತ್ರದಾಗ ನಮ್ಮಂಥವರಿಗೆ ಹಿಡಿಸೂ ಒಂದು ಸಂಗತಿ ಐತಿ. ಒಳಗಿನ ಬಿಡಿಭಾಗ ಕುಂದ್ರಿಸೂ ಪಿಂಗಾಣಿ ಪಟ್ಟಿಗೆ ಬೆಳ್ಳಿ ಲೇಪ ಕೊಟ್ಟಿರ್ತಿದ್ರು. ಅದಕ್ಕ ಮಾಮೂಲಿ ಸೋಲ್ಡರ್ ಹಚ್ಚಿದ್ರ ಅದು ಬೆಳ್ಳಿನ ಕರಗಿಸಿಕೊಂಡು ಪಟ್ಟಿಯಿಂದ ಕಿತ್ತು ಬರ್ತಿತ್ತು. ಹಂಗಂತ ಶೇಕಡಾ 3ರಷ್ಟು ಬೆಳ್ಳಿ ಕೂಡಿಸಿದ ಸೋಲ್ಡರ್ ತಂತಿಯ ಒಂದು ಸಣ್ಣ ಉಂಡಿ ಯಂತ್ರದೊಳಗ ಇಟ್ಟ ಮಾರ್ತಿದ್ರು. ಮುಂದ ಯಾರೋ ಒಬ್ಬರು ಎಲ್ಲೋ ಕುಂತು ಇದನ್ನ ರಿಪೇರಿ ಮಾಡ್ತಾರ ಅಂತ ತಿಳಕೊಂಡು ಕಟ್ಟಿದ ಯಂತ್ರ ಅದು. ಈಗಿನ ಮಿಕ್ಸರು ಬಿಚ್ಚಾಕ ಹೋದ್ರ ಸ್ಕ್ರೂ ತಲಿನೂ ಸಿಗಂಗಿಲ್ಲ.

ಇನ್ನ ನಮ್ಮ ಕಡೆ ಬರೂಣು. ನಮ್ಮ ಭಾಗದಾಗ ರೇಡಿಯೊ ಅಂದ್ರ ಧಾರವಾಡ. ಧಾರವಾಡ ಆಕಾಶವಾಣಿ 1950ರ ಜನವರಿ 8ಕ್ಕ ಶುರು ಆತು. ಆವಾಗ ಮನ್ಯಾಗ ರೇಡಿಯೊ ಇಡಾಕ ಪೋಸ್ಟಾಪೀಸಿನಾಗ ರೊಕ್ಕಾ ಕಟ್ಟಿ ಲೈಸೆನ್ಸ ತಗೋಬೇಕಿತ್ತು. ಬೆಂಗಳೂರಾಗ 1948ರಾಗ ಟೆಲಿಫೋನ್ ಕಾರ್ಖಾನಿ ಐಟಿಐ, 1954ರಾಗ ಬಿಇಎಲ್ ಬಂದವು. ಐಟಿಐದಾಗ ಸಣ್ಣ ಸಣ್ಣ ತಂತಿ ಜೋಡಿಸೂ ಸಾಲಿನಾಗ ಕುಂತವರೊಳಗ ಹೆಣ್ಮಕ್ಕಳು ಬಾಳ ಮಂದಿ. ನಾಜೂಕ ಕೈ, ತಾಳ್ಮಿ ಅಂತ ಕೆಲಸಕ್ಕ ತಗೊಂಡ್ರು. ಆದ್ರ "ರಿಪೇರಿ ಮಾಡಾಂವ" ಅಂದ ಕೂಡಲೆ ನಮ್ಮ ಕಣ್ಣ ಮುಂದ ಗಂಡಸ ಬಂದು ನಿಲ್ತಾನ. ಇದನ್ನ ನಾ ಮುಂದ ಹೇಳ್ತೀನಿ.

ನಮ್ಮ ಜಿಲ್ಲಾದ ಖರೇ ಚರಿತ್ರಿ 1975ರದು. ಇದನ್ನ ನಮ್ಮ ಮಕ್ಕಳಿಗೆ ಯಾರೂ ಹೇಳಂಗಿಲ್ಲ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಾಗ. ಅದಕ್ಕಿಂತ ಆರು ವರ್ಷ ಮೊದಲ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲಾದ ಹಳ್ಳಿಗೆ ಟಿವಿ ಬಂದಿತ್ತು, ಅದೂ ಸೀದಾ ಆಕಾಶದಿಂದ! ಸೈಟ್ ಅಂತ ಅದಕ್ಕ ಹೆಸರು, ಉಪಗ್ರಹದ ಮೂಲಕ ಪಾಠ ಹೇಳೂ ಪ್ರಯೋಗ. ವಿಕ್ರಮ್ ಸಾರಾಭಾಯ್ ಅವರ ಕನಸು. 1969ರಾಗ ಅಮೆರಿಕಾದ ನಾಸಾ ಜೋಡಿ ಒಪ್ಪಂದ ಆತು, 1971ರಾಗ ಸಾರಾಭಾಯ್ ತೀರಿಕೊಂಡ್ರು, ಕಣ್ಣಾರೆ ನೋಡಲಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ, ಬರಾಬರಿ ಒಂದು ವರ್ಷ, ಆರು ರಾಜ್ಯದ 2400 ಹಳ್ಳಿಯೊಳಗ ಟಿವಿ ನಡೀತು. ನಾಸಾದ ಎಟಿಎಸ್-6 ಉಪಗ್ರಹ ಸುಮಾರು 36,000 ಕಿಲೋಮೀಟರ್ ಮ್ಯಾಲಿಂದ ಕನ್ನಡದಾಗ ಮಾತಾಡ್ತಿತ್ತು. ಹಳ್ಳಿಯೊಳಗ ಅದನ್ನ ಹಿಡಿಯಾಕ ಕೋಳಿ ಗೂಡಿಗೆ ಹಾಕ್ತಾರಲ್ಲ, ಆ ತಂತಿ ಜಾಳಗಿಯಿಂದ ಮಾಡಿದ, 3 ಮೀಟರ್ ಅಗಲದ ಬುಟ್ಟಿಯಂಥಾ ಆಂಟೆನಾ. ಟಿವಿ ಮಾಡಿದವರು ಹೈದರಾಬಾದಿನ ಇಸಿಐಎಲ್. ಮುಂಜಾನಿ ಸಾಲಿ ಮಕ್ಕಳಿಗೆ, ಸಂಜಿಮುಂದ ದೊಡ್ಡವರಿಗೆ, ದಿನಕ್ಕ ನಾಲ್ಕು ತಾಸು. ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ, ಸುದ್ದಿ.

ನಮ್ಮ ಅತ್ತಿಯವರು ಆವಾಗ ಹೊಸದಾಗಿ ಲಗ್ನ ಆದವರು. ತವರಿಗೆ ಹೋದಾಗ ಸಾಲಿ ಮುಂದಿನ ಬಯಲಿನಾಗ ಕುಂತು ನೋಡಿದ್ದು ಇನ್ನೂ ನೆನಪೈತಿ ಅವರಿಗೆ. "ಗಂಡಸರು ಮುಂದ, ನಾವು ಹಿಂದ. ಚಿತ್ರ ಸಣ್ಣಾಗಿ ಕಾಣ್ತಿತ್ತು, ಮಾತು ಮಾತ್ರ ಚಲೋ ಕೇಳ್ತಿತ್ತು" ಅಂತಾರ. ಟಿವಿ ಕೆಟ್ಟರ ಏನ್ ಮಾಡ್ತಿದ್ರು ಅಂತ ನಾ ಕೇಳಿದೆ. "ಜೀಪ ಬರ್ತಿತ್ತು" ಅಂದ್ರು. ಖರೇ, ಹಳ್ಳಿ ಹಳ್ಳಿಗೆ ರಿಪೇರಿಯವರನ್ನ ಜೀಪಿನಾಗ ಕಳಿಸೂದು ಆ ಪ್ರಯೋಗದ ದೊಡ್ಡ ಭಾಗ ಆಗಿತ್ತು. ಧೂಳು, ಬಿಸಲು, ಏರಿಳಿಯೂ ಕರೆಂಟು, ಇದರಾಗ ಸಾವಿರಾರು ಟಿವಿ ನಡಸೂದು ಉಪಗ್ರಹ ಹಾರಿಸಿದಷ್ಟ ಕಠಿಣ. ಮಾಂವನೋರು ಆವಾಗ ತರಬೇತಿ ಮುಗಿಸಿ ರೇಡಿಯೊ ರಿಪೇರಿ ಶುರು ಮಾಡಿದ ಹುಡುಗ. ಆ ಜೀಪಿನವರ ಹತ್ರ ಮೊದಲನೇ ಸಲ ಸಿಆರ್‌ಓ ನೋಡಿದ್ರಂತ. "ಕರೆಂಟು ಹಸರ ಬಣ್ಣದ್ದು ಇರತೈತಿ ಅಂತ ತಿಳದಿದ್ದೆ" ಅಂತ ನಗ್ತಿದ್ರು.

ವರ್ಷ ಮುಗೀತು, ಉಪಗ್ರಹ ಹೊಳ್ಳಿ ಅಮೆರಿಕಾದ ಕಡೆ ಹೋತು, ಹಳ್ಳಿ ಟಿವಿ ಕಪ್ಪಾದವು. 1977ರಾಗ ಗುಲಬರ್ಗಾದಾಗ ದೂರದರ್ಶನ ಕೇಂದ್ರ ಆತು. 1982ರ ಏಷ್ಯನ್ ಗೇಮ್ಸಿಗೆ ದೇಶಕ್ಕ ಬಣ್ಣದ ಟಿವಿ ಬಂತು. ಆಮ್ಯಾಲ 1987ರ ಜನವರಿಯಾಗ ರಾಮಾಯಣ. ಶನಿವಾರ ರಾತ್ರಿ ಮಾಂವನೋರ ಅಂಗಡಿಯೊಳಗ ಕಾಲಿಡಾಕ ಜಾಗಾ ಇರ್ತಿರಲಿಲ್ಲಂತ. ಟಿಕೋಟಾದಿಂದ, ಬಬಲೇಶ್ವರದಿಂದ ಬಸ್ಸಿನ ಮ್ಯಾಲ ಟಿವಿ ಕಟ್ಟಿಕೊಂಡು ಬರ್ತಿದ್ರು, "ನಾಳೆ ಮುಂಜಾನಿಯೊಳಗ ಆಗಬೇಕ್ರಿ" ಅಂತ.

ಟಿವಿ ಚಿತ್ರ ನಿಲ್ಲದ ಉರುಳಾಕತ್ತರ, ಸೊಟ್ಟ ಆದ್ರ, ಮೀಟರು ಹಚ್ಚಿ ತಿಳಿಯಂಗಿಲ್ಲ. ಮೀಟರು ಸರಾಸರಿ ಹೇಳತೈತಿ, ಅಲಿಯ ಆಕಾರ ಹೇಳಂಗಿಲ್ಲ. ನಮ್ಮ ದೇಶದ ಆ ಟಿವಿ ಚಿತ್ರಕ್ಕ 625 ಗೆರಿ, ಸೆಕೆಂದಿಗೆ 25 ಚಿತ್ರ. ಗುಣಿಸಿದ್ರ ಸೆಕೆಂದಿಗೆ 15,625 ಗೆರಿ. ಒಂದು ಗೆರಿಗೆ 64 ಮೈಕ್ರೋಸೆಕೆಂದು. ಸಿಆರ್‌ಓದಾಗ ಒಂದು ಮನಿಗೆ 10 ಮೈಕ್ರೋಸೆಕೆಂದು ಇಟ್ಟರ ಒಂದು ಗೆರಿ ಆರೂವರಿ ಮನಿಗೆ ಸ್ವಲ್ಪ ಕಡಿಮಿ ಬರಬೇಕು. ಬಂತಂದ್ರ ಆ ಭಾಗ ಚಲೋ, ಬರಲಿಲ್ಲಂದ್ರ ಅಲ್ಲೇ ಕೆಟ್ಟೈತಿ. ಮಾಂವನೋರು ಒಂದು ವಿದ್ಯಾಸಂಸ್ಥೆಯ ಹಳೇ ಸಾಮಾನಿನ ಹರಾಜಿನಾಗ 1988ರಾಗ ಈ ಯಂತ್ರ ತಂದರು. 20 ಮೆಗಾಹರ್ಟ್ಸ್, ಎರಡು ಚಾನೆಲ್, ನಮ್ಮ ದೇಶದಾಗ ತಯಾರಾದದ್ದು. ಅತ್ತಿಯವರ ಎರಡು ಬಳಿ ಅಡವಿಟ್ಟು ತಂದಿದ್ರು. ಇದು ನನಗ ಈ ದೀಪಾವಳಿ ತನಕ ಗೊತ್ತಿರಲಿಲ್ಲ. ಅತ್ತಿಯವರ "ತಡೀರಿ"ಗೆ ಅರ್ಥ ಆವಾಗ ತಿಳೀತು.

ನಾ ಲಗ್ನ ಆಗಿ ಟಿಕೋಟಾದಿಂದ ಈ ಮನಿಗೆ ಬಂದದ್ದು 1994ರಾಗ. ಅಂಗಡಿ ಮನಿ ಮುಂದಿನ ಖೋಲಿಯೊಳಗ ಇತ್ತು. ಮೊದಲ ಚಹಾ ಕೊಡಾಕ ಹೋಗ್ತಿದ್ದೆ. ಆಮ್ಯಾಲ ಕರೆಂಟ ಹೋದಾಗ ಬ್ಯಾಟರಿ ಹಿಡೀತಿದ್ದೆ. ಆಮ್ಯಾಲ ಮಾಂವನೋರ ಕಣ್ಣು ಮಂಜಾಗಾಕತ್ತಿತು, ಸಣ್ಣ ಸೋಲ್ಡರ್ ಕೆಲಸ ನನಗ ಬಂತು. ತವರಾಗ ದ್ರಾಕ್ಷಿ ಗೊನಿಯಾಗಿನ ಕೆಟ್ಟ ಹಣ್ಣು ಕತ್ತರಿಸಿ ತಗದ ಕೈ ಇದು, ಬಾಜೂಕಿನದಕ್ಕ ಪೆಟ್ಟ ಹತ್ತಬಾರದು ಅನ್ನೂದು ಗೊತ್ತಿತ್ತು. ಅಂಗಡಿಯಾಗ ನಾನ ಕುಂತು ಟಿವಿ ಬಿಚ್ಚಿರ್ತಿದ್ದೆ, ಬಂದ ಗಿರಾಕಿ ನನ್ನ ಮುಖಾ ನೋಡಿ, "ಯಾರೂ ಇಲ್ಲೇನ್ರಿ?" ಅಂತಿದ್ರು.

ಪರದೆ ಚಪ್ಪಟ ಟಿವಿ ಬಂದವು, ಒಂದು ಬೋರ್ಡು ಕೆಟ್ಟರ ಇಡೀ ಬೋರ್ಡ ಬದಲಿ ಮಾಡೂ ಕಾಲ ಬಂತು. 2011ರಾಗ ಅಂಗಡಿ ಮುಚ್ಚಿದ್ವಿ. ಸಿಆರ್‌ಓ ಅಟ್ಟಾ ಏರಿತು.

ಈಗ ಅದನ್ನ ಎಬ್ಬಿಸಿದ ಕಥಿ ಹೇಳ್ತೀನಿ. ಮೊದಲ ಒಂದು ಮಾತು. ಇದನ್ನ ಓದಿ ಯಾರೂ ಮನಿ ಟಿವಿ, ಮೈಕ್ರೋವೇವ್ ಬಿಚ್ಚಾಕ ಹೋಗಬ್ಯಾಡ್ರಿ. ಸಿಆರ್‌ಓದ ಕೊಳವಿಗೆ ಸುಮಾರು 2000 ವೋಲ್ಟ ಬೇಕು. ಪ್ಲಗ್ಗು ಕಿತ್ತ ಮ್ಯಾಲೂ ಕೆಪಾಸಿಟರಿನಾಗ ಅದು ಕುಂತಿರತೈತಿ, ಮಡಕ್ಯಾಗ ನೀರ ಇದ್ದಂಗ. ಕಲತವರ ಹತ್ರ ಕುಂತು ಕಲೀದ ಕೈ ಹಾಕೂ ಜಾಗಾ ಅಲ್ಲ ಅದು. ನನಗ ಮಾಂವನೋರು ಹೇಳಿದ ನೇಮ ಇವು: ಒಂದ ಕೈ ಬೆನ್ನ ಹಿಂದ ಇಡು, ಎರಡೂ ಕೈ ಹಚ್ಚಿದ್ರ ಕರೆಂಟು ಎದಿ ಹಾದು ಹೋಗತೈತಿ. ಕಾಲ ಕೆಳಗ ಒಣ ಕಟಗಿ ಹಲಗಿ ಇರಲಿ. ಒಬ್ಬಾಕಿ ಕುಂದ್ರಬ್ಯಾಡ, ಸ್ವಿಚ್ಚಿನ ಹತ್ರ ಒಬ್ಬರು ಇರಲಿ. ಮೈ ಮ್ಯಾಲ ಲೋಹ ಇರಬಾರದು. ಮಾಂವನೋರು ಕೊರಳಾಗಿನ ಬೆಳ್ಳಿ ಕರಡಿಗಿ ಅಂಗಿಯೊಳಗ ಹಾಕಿ, ಮ್ಯಾಲ ಗುಂಡಿ ಹಚ್ಚಿಕೊಂಡ ಕುಂದ್ರತಿದ್ರು. ನಾ ಬಂಗಾರದ ಬಳಿ, ಉಂಗರ ತಗದು ಅತ್ತಿಯವರ ಕೈಯಾಗ ಕೊಟ್ಟೆ. ತಾಳಿ ತಗೀತೀನಿ ಅಂದ್ರ ಅತ್ತಿಯವರು ಒಪ್ಪಲಿಲ್ಲ. ಕುಪ್ಪಸದೊಳಗ ಸೇರಿಸಿ, ಸೆರಗು ಬಿಗಿದು ಸಿಕ್ಕಿಸಿದೆ. ಗಾಜಿನ ಬಳಿ ಇರಲಿ ಅಂತ ಬಿಟ್ಟೆ, ಗಾಜಿನಾಗ ಕರೆಂಟ ಹರಿಯಂಗಿಲ್ಲ. ಅತ್ತಿಯವರು ಸ್ವಿಚ್ಚಿನ ಹತ್ರ ಕುರ್ಚಿ ಹಾಕಿಕೊಂಡು ಕುಂತ್ರು.

ಮೊದಲ ಮುಚ್ಚಳ ತಗದು ಮೆತ್ತನ ಬ್ರಷ್ಷಿನಿಂದ ಧೂಳ, ಝಿರಳಿ ಮೊಟ್ಟಿ ತಗದೆ. ಸುಟ್ಟ ವಾಸನಿ ಇಲ್ಲ, ಕಪ್ಪಾದ ಭಾಗ ಇಲ್ಲ. ಇಷ್ಟು ವರ್ಷ ಮಲಗಿದ ಯಂತ್ರಕ್ಕ ಸೀದಾ ಕರೆಂಟ ಕೊಡಬಾರದು. 100 ವ್ಯಾಟಿನ ಹಳೇ ನಮೂನಿ ಬಲ್ಬನ್ನ ಸಿರೀಸ್ ಹಚ್ಚಿ ಕೊಟ್ಟೆ. ಒಳಗ ಎಲ್ಲೆರ ಶಾರ್ಟ ಆಗಿದ್ರ ಬಲ್ಬು ಪೂರಾ ಉರೀತೈತಿ, ಯಂತ್ರ ಉಳೀತೈತಿ. ಬಲ್ಬು ಒಂದು ಕ್ಷಣ ಹೊಳದು ಮಂದ ಆತು. ಚಲೋ ಲಕ್ಷಣ. ಆಮ್ಯಾಲ ಬಲ್ಬು ತಗದು ಸೀದಾ ಹಚ್ಚಿದೆ. ಕೆಂಪು ದೀಪ ಹತ್ತಿತು, ಪರದೆ ಮಾತ್ರ ಕಪ್ಪ.

ಇಲ್ಲಿ ಬಾಳ ಮಂದಿ ತಪ್ಪ ಮಾಡ್ತಾರ, ಕೂಡಲೆ ಸ್ಕ್ರೂ ಬಿಚ್ಚಾಕ ಹೋಗ್ತಾರ. ಮಾಂವನೋರು, "ಮೊದಲ ಮುಂದಿನ ತಿರುಗಣಿ ನೋಡು. ಅರ್ಧಾ ರೋಗ ಅಲ್ಲೇ ಇರತಾವ" ಅಂತಿದ್ರು. ಹೊಳಪಿನ ತಿರುಗಣಿ ನಡುವಿಗೆ ತಂದೆ, ಗೆರಿ ಮ್ಯಾಲ ಕೆಳಗ ಮಾಡೂದನ್ನ ನಡುವಿಗೆ ತಂದೆ. ಟ್ರಿಗರ್ ನೋಡಿದ್ರ ನಾರ್ಮಲ್ ಅನ್ನೂ ಜಾಗಾದಾಗ ಐತಿ. ಆ ಜಾಗಾದಾಗ ಇಟ್ಟರ ಒಳಗ ಅಲಿ ಬರೂ ತನಕ ಗೆರಿ ಹೊರಡಂಗಿಲ್ಲ. ಆಟೋಕ್ಕ ತಂದೆ, ಗೆರಿ ಬಂತು! ಅತ್ತಿಯವರು "ಬಂತಲ್ಲಾ" ಅಂದ್ರು. ಬಂದಿತ್ತು, ಆದ್ರ ಸೊಟ್ಟ ಬಂದಿತ್ತು, ದಪ್ಪ ಬಂದಿತ್ತು.

ಒಳಗ ಏನೂ ಕೊಡದ ಇನ್‌ಪುಟ್ಟನ್ನ ಗ್ರೌಂಡಿಗೆ ಇಟ್ಟರ ಗೆರಿ ಹಗ್ಗ ಎಳದಂಗ ನೆಟ್ಟಗ ಬರಬೇಕು. ನನಗ ಗುಡ್ಡದ ಸಾಲು ಕಾಣ್ತಿತ್ತು. ಟ್ರಿಗರನ್ನ ಮನಿ ಕರೆಂಟಿಗೆ ಹೊಂದಿಸೂ ಜಾಗಾಕ್ಕ ತಂದೆ, ಗುಡ್ಡ ನಿಂತವು. ಒಂದು ಮನಿಗೆ 5 ಮಿಲಿಸೆಕೆಂದು ಇಟ್ಟು ಎಣಿಸಿದೆ. ಹತ್ತು ಮನಿಯೊಳಗ ಐದು ಗುಡ್ಡ, ಅಂದ್ರ ಒಂದೊಂದಕ್ಕ ಎರಡು ಮನಿ, 10 ಮಿಲಿಸೆಕೆಂದು, ಸೆಕೆಂದಿಗೆ 100. ಇದು ಕಸೂತಿ ಎಣಿಕಿಯಷ್ಟ ಸರಳ, ಇದರಾಗ ರೋಗದ ಹೆಸರೂ ಐತಿ. ಮನಿ ಕರೆಂಟು ಸೆಕೆಂದಿಗೆ 50 ಸಲ ತಿರಗತೈತಿ. ಒಳಗಿನ ನಾಲ್ಕು ಡಯೋಡು ಕೂಡಿ ಎರಡೂ ಮಗ್ಗಲಾ ಉಪಯೋಗಿಸಿದ್ರ 100 ಗುಡ್ಡ ಆಗತಾವ. ಒಂದು ಡಯೋಡು ಬಿಟ್ಟುಕೊಂಡಿದ್ರ 50 ಕಾಣಬೇಕಿತ್ತು. ಅಂದ್ರ ಡಯೋಡು ಚಲೋ ಅದಾವ, ಗುಡ್ಡ ಸವರಿ ಸಪಾಟ ಮಾಡೂ ಕೆಪಾಸಿಟರು ಕೈ ಬಿಟ್ಟೈತಿ. ಯಂತ್ರ ತನ್ನ ರೋಗ ತಾನ ಬರದು ತೋರಿಸಿತ್ತು.

ಕೆಪಾಸಿಟರಿನೊಳಗ ಒಂದು ಹಸಿ ರಸಾಯನ ಇರತೈತಿ. ಅದು ವರ್ಷ ಕಳದಂಗ ಒಣಗತೈತಿ, ಬಿಜಾಪುರದ ಬಿಸಲಿಗೆ ಅಟ್ಟದ ಮ್ಯಾಲ ಇನ್ನಷ್ಟು ಜಲ್ದಿ. ಮೀಟರ ಹಚ್ಚಿ ನೋಡಿದ್ರ 12 ವೋಲ್ಟ ಇರಬೇಕಾದಲ್ಲಿ 10.6. ಬಂದ ಮಾಡಿ, ಕಾದು, ರೆಸಿಸ್ಟರ್ ಹಚ್ಚಿ ಉಳದ ಕರೆಂಟ ಇಳಿಸಿ, ಮೀಟರಿನಿಂದ ಸೊನ್ನಿ ಆದದ್ದು ಖಾತ್ರಿ ಮಾಡಿಕೊಂಡು, ಹಳೇ 2200 ಮೈಕ್ರೋಫ್ಯಾರಡ್ 25 ವೋಲ್ಟಿಂದು ಬಿಚ್ಚಿದೆ. ಹೊಸಾದು 35 ವೋಲ್ಟಿಂದು ಹಾಕಿದೆ. ವೋಲ್ಟ ಹೆಚ್ಚಿಂದು ನಡೀತೈತಿ, ಕಡಿಮಿದು ನಡಿಯಂಗಿಲ್ಲ. ಮೈನಸ್ ಪಟ್ಟಿ ಉಲ್ಟಾ ಹಾಕಿದ್ರ ಸಿಡೀತೈತಿ, ಎರಡು ಸಲ ನೋಡಿದೆ. ಚಾಲೂ ಮಾಡಿದ್ರ ಗುಡ್ಡ ಕರಗಿ ಬಯಲಾತು.

ಗೆರಿ ದಪ್ಪ ಮಾತ್ರ ಹಂಗ ಇತ್ತು, ಹೆಬ್ಬಳ್ಳಿಂದ ಎಳದ ವಿಭೂತಿ ಹಂಗ. ಫೋಕಸ್ ತಿರುಗಣಿ ಒಂದು ಕಡೆಗೆ ಪೂರಾ ಹೋದ್ರೂ ಸಣ್ಣ ಆಗಲಿಲ್ಲ. 2000 ವೋಲ್ಟನ್ನ ಮೆಟ್ಟಲ ಮೆಟ್ಟಲಾಗಿ ಇಳಿಸಿ ಫೋಕಸಿಗೆ ಕೊಡೂ ರೆಸಿಸ್ಟರುಗಳ ಒಂದು ಸಾಲ ಇರತೈತಿ. ಹಳೇ ಕಾರ್ಬನ್ ರೆಸಿಸ್ಟರು ವಯಸ್ಸಾದಂಗ ತನ್ನ ಬೆಲಿ ಏರಿಸಿಕೊಂತ ಹೋಗತೈತಿ. 2.2 ಮೆಗಾಓಮ್ ಅಂತ ಬಣ್ಣದ ಪಟ್ಟಿ ಇದ್ದದ್ದು 3.9 ತೋರಿಸ್ತು. ಅದೇ ಕಳ್ಳ. ಪ್ಯಾಟ್ಯಾಗ ಅಷ್ಟು ವೋಲ್ಟ ತಡಿಯೂದು ಸಿಗಲಿಲ್ಲ. ಮಾಮೂಲಿ ಸಣ್ಣ ರೆಸಿಸ್ಟರು ಸುಮಾರು 250 ವೋಲ್ಟಷ್ಟ ತಡೀತೈತಿ. ಅದಕ್ಕ 220 ಕಿಲೋಓಮಿನ ಹತ್ತು ತಂದು ಒಂದರ ಬೆನ್ನಿಗೊಂದು ಜೋಡಿಸಿದೆ. ಹತ್ತು ಕೂಡಿದ್ರ ಬರಾಬರಿ 2.2 ಮೆಗಾಓಮ್, ವೋಲ್ಟಿನ ಭಾರ ಹತ್ತಕ್ಕೂ ಹಂಚಿಕಿ ಆಗತೈತಿ. ಅವಿಭಕ್ತ ಕುಟುಂಬದಾಗ ನಡಿಯೂದು ಹಂಗಲ್ಲ? ಗಂಟು ಒಂದೊಂದೂ ದುಂಡಗ ಇರಬೇಕು. ಚೂಪ ಉಳದಲ್ಲಿ ಅಷ್ಟು ವೋಲ್ಟು ಗಾಳಿಗೆ ಸೋರತೈತಿ. ಮಲ್ಲಿಗಿ ದಂಡಿ ಕಟ್ಟಿದಂಗ ಕಟ್ಟಿ, ಮ್ಯಾಲ ಕೊಳವಿ ತೊಗಟಿ ಹಾಕಿದೆ. ಎರಡು ಸಂಜಿ ಹಿಡೀತು. ಚಾಲೂ ಮಾಡಿ ಫೋಕಸ್ ತಿರಗಿಸಿದ್ರ ಗೆರಿ ಸೂಜಿ ದಾರದಷ್ಟು ಸಣ್ಣ ಆತು.

ಕಡೀಕ ಪರೀಕ್ಷೆ. ಯಂತ್ರದ ಮುಂದ ಒಂದು ಸಣ್ಣ ಕೊಕ್ಕಿ ಇರತೈತಿ, ಅದರಾಗ ಸೆಕೆಂದಿಗೆ 1000 ಸಲ ಏರಿಳಿಯೂ ಚೌಕ ಅಲಿ ಬರತೈತಿ. ಪ್ರೋಬ್ ಹಚ್ಚಿ, ಮನಿಗೆ 0.2 ಮಿಲಿಸೆಕೆಂದು ಇಟ್ಟೆ. ಐದು ಮನಿಗೆ ಒಂದು ಅಲಿ, ಪರದೆ ತುಂಬ ಎರಡು. ಮೂಲಿ ದುಂಡಾಗಿತ್ತು, ಪ್ರೋಬಿನ ಸಣ್ಣ ಸ್ಕ್ರೂ ತಿರಗಿಸಿದೆ, ತುಳಸಿ ಕಟ್ಟಿ ಮೂಲಿ ಹಂಗ ನೆಟ್ಟಗ ನಿಂತಿತು. ಎಲ್ಲಾ ಕೂಡಿ ಖರ್ಚು ನೂರರ ಆಜೂಬಾಜೂ.

ಅಮವಾಸ್ಯಿಗೆ ಬಬಲೇಶ್ವರದಿಂದ ನಾದಿನಿ ಮಗಳು ಬಂದಿದ್ದಳು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಾಕತ್ತಾಳ. ಕಾಲೇಜಿನಾಗ ಡಿಜಿಟಲ್ ಸ್ಕೋಪು, ಗುಂಡಿ ಒತ್ತಿದ್ರ ತಾನ ಹೊಂದಿಸಿಕೊಂಡು ಅಂಕಿ ಬರದು ತೋರಿಸ್ತೈತಂತ. "ಅತ್ತಿ, ಇದರಾಗ ಮನಿ ಎಣಿಸಬೇಕಾ?" ಅಂತ ನಕ್ಕಳು, ಆಮ್ಯಾಲ ಕುಂತು ಎಣಿಸಿದಳು. ಹಳೇ ರೇಡಿಯೊದ ಸ್ಪೀಕರು ಹುಡುಕಿ ತಂದು ಇನ್‌ಪುಟ್ಟಿಗೆ ಹಚ್ಚಿದಳು. ಸ್ಪೀಕರು ಉಲ್ಟಾ ನಡಸಿದ್ರ ಮೈಕ ಆಗತೈತಿ. "ಅಮ್ಮಾ, ಇಲ್ಲಿ ಮಾತಾಡು" ಅಂದಳು. ಅತ್ತಿಯವರು ಬಗ್ಗಿ ಏನ್ ಹೇಳಬೇಕು ಅಂತ ತಿಳೀದ, ಮಾಂವನೋರು ಅಂಗಡಿಯಿಂದ ಅವರನ್ನ ಕರೀತಿದ್ದ ಹಂಗ "ಏ, ಚಹಾ!" ಅಂದ್ರು. ಹಸರ ಗೆರಿ ಎದ್ದು ಕುಣದು ಕುಂತಿತು. ಇನ್ನೊಂದ ಸಲ ಅಂದ್ರು. ಇನ್ನೊಂದ ಸಲ ಕುಣೀತು.

"ಗೋಳಗುಮ್ಮಟದಾಗ ಮಾತು ಹೊಳ್ಳಿ ಕೇಳತೈತಿ, ಇದರಾಗ ಕಾಣತೈತಿ" ಅಂದ್ರು. ಹುಡುಗಿ ಅದಕ್ಕೂ ಲೆಕ್ಕಾ ಹಾಕಿದಳು. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್, ಶಬ್ದ ಸೆಕೆಂದಿಗೆ ಸುಮಾರು 340 ಮೀಟರ್. ಪಿಸುಮಾತು ಆ ಕಡೆ ಮುಟ್ಟಾಕ ಸೆಕೆಂದಿನ ಒಂಬತ್ತನೇ ಒಂದು ಪಾಲು. ನಮ್ಮ ಸಿಆರ್‌ಓದಾಗ ಮನಿಗೆ 20 ಮಿಲಿಸೆಕೆಂದು ಇಟ್ಟರ ಐದೂವರಿ ಮನಿ.

ಪೆಟ್ಟಿಗಿ ಜೋಡಿ ಕವದಿಯೊಳಗ ಮಾಂವನೋರ ವಹಿನೂ ಇತ್ತು. ತಾರೀಖು, ಊರು, ಯಾವ ಟಿವಿ, ಏನ್ ರೋಗ, ಯಾವ ಭಾಗ ಹಾಕಿದ್ದು, ಎಷ್ಟ ರೊಕ್ಕಾ, ಎಷ್ಟ ಉದ್ರಿ. ಇಪ್ಪತ್ತಕ್ಕೂ ಹೆಚ್ಚು ವರ್ಷದ್ದು. ಯಾವ ಹಳ್ಳಿಗೆ ಮೊದಲ ಬಣ್ಣದ ಟಿವಿ ಬಂತು, ಯಾವ ಬ್ಯಾಸಗಿಯಾಗ ಕರೆಂಟ ಏರಿ ಎಷ್ಟು ಟಿವಿ ಸುಟ್ಟವು, ಎಲ್ಲಾ ಅದರಾಗ ಐತಿ. ಕಡೀ ಸಾಲಿನಾಗ ಮಾಡಿದವರ ಗುರುತು. ತಮ್ಮದಕ್ಕ ಏನೂ ಬರೀತಿರಲಿಲ್ಲ. 1997ರಿಂದ ಅಲ್ಲಲ್ಲಿ "ಸೊ" ಅಂತ ಒಂದ ಅಕ್ಷರ ಐತಿ. ನಾ ಮೊದಲ "ಸೋಲ್ಡರ್" ಅಂತ ತಿಳದೆ. ಅತ್ತಿಯವರು ನೋಡಿ, "ಸೊಸಿ" ಅಂದ್ರು. ಎಣಿಸಿದೆ, 412 ಆದವು. ಗಿರಾಕಿ "ಯಾರೂ ಇಲ್ಲೇನ್ರಿ" ಅಂತಿದ್ದ ಅಂಗಡಿಯಾಗ ಅವರು ಲೆಕ್ಕಾ ಇಟ್ಟಿದ್ರು.

ಉಪಗ್ರಹದ ಚರಿತ್ರಿ ಪುಸ್ತಕದಾಗ ಬರತೈತಿ, ಬರಲಿ. ಕೆಟ್ಟ ಟಿವಿ ಬಸ್ಸಿನ ಮ್ಯಾಲ ಏರಿಸಿಕೊಂಡು ಬಂದವರು, ಅದನ್ನ ರಾತ್ರಿಯೆಲ್ಲ ಕುಂತು ಎಬ್ಬಿಸಿದವರು, ಅದಕ್ಕ ಬಳಿ ಅಡವಿಟ್ಟವರು, ಇವರ ಚರಿತ್ರಿ ನಮ್ಮ ಅಟ್ಟದ ಮ್ಯಾಲ ಐತಿ. ನಿಮ್ಮ ಮನ್ಯಾಗೂ ಇದ್ದೀತು: ರೇಡಿಯೊದ ಲೈಸೆನ್ಸ ವಹಿ, ಅಂಗಡಿ ಲೆಕ್ಕದ ವಹಿ, ಹೊಲಿಗಿ ಯಂತ್ರದ ಚೀಟಿ. ತಕ್ಕಡಿಗೆ ಹಾಕೂ ಮೊದಲ ಒಂದ ಸಲ ಬಿಚ್ಚಿ ನೋಡ್ರಿ, ವಯಸ್ಸಾದವರನ್ನ ಕೂಡಿಸಿಕೊಂಡು ಓದಿಸ್ರಿ. ಅವರು ಇರೂ ತನಕ ಅಷ್ಟ ಆ ಅಕ್ಷರಕ್ಕ ಅರ್ಥ.

ಸಿಆರ್‌ಓ ಹುಡುಗಿ ಜೋಡಿ ಬಬಲೇಶ್ವರಕ್ಕ ಹೋತು. ಅತ್ತಿಯವರ ಮಾತು ಅದು, "ಉಪಯೋಗಿಸೂ ಕೈಯಾಗ ಇರಲಿ" ಅಂದ್ರು. ಹೊಳಪು ಹೆಚ್ಚ ಇಟ್ಟು ಚುಕ್ಕಿ ಒಂದ ಕಡೆ ನಿಲ್ಲಸಬ್ಯಾಡ, ಪರದೆ ಸುಡತೈತಿ, ಅಂತ ನಾ ಹೇಳಿ ಕಳಿಸಿದೆ. ಹತ್ತಕ್ಕ ಹತ್ತೂ ರೆಸಿಸ್ಟರು ಇನ್ನೂ ತಣ್ಣಗ ಅದಾವಂತ, ನಿನ್ನಿ ಫೋನ ಮಾಡಿದ್ದಳು. ವಹಿ ಮಾತ್ರ ನನ್ನ ಹತ್ರ ಇಟ್ಟುಕೊಂಡೀನಿ. ಅದರಾಗ ಒಂದು ಹೊಸಾ ಸಾಲ ಬರದೆ: ತಾರೀಖು, ವಿಜಯಪುರ, ಸಿಆರ್‌ಓ, ಕೆಪಾಸಿಟರು ಒಂದು, ರೆಸಿಸ್ಟರು ಹತ್ತು, ಉದ್ರಿ ಇಲ್ಲ. ಕಡೀ ಸಾಲಿನಾಗ "ಸೊ" ಅಂತ ಬರದೆ.